ಗ್ಯಾಂಗುಗಳ ಕೈಗೆ ಹುಡುಗರು ಸಿಗದಂತೆ ಫುಟ್‌ಬಾಲ್: ಕೋಲಾರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆ ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಆಡಿಸುವ ಚಿಕ್ಕ ಗುಂಪು ನಮ್ಮದು. ಅಪ್ಪ ಅಮ್ಮಂದಿರು, ಮೇಷ್ಟ್ರುಗಳು, ತಮ್ಮ ಬೀದಿಯಲ್ಲೂ ಇಂಥದ್ದು ಶುರು ಮಾಡಬೇಕು ಅಂದುಕೊಂಡವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೊನೆಯ ಪ್ರಶ್ನೆ ಹುಡುಗರದ್ದೇ.

ಫುಟ್‌ಬಾಲಿಗೂ ಗ್ಯಾಂಗಿಗೂ ಏನು ಸಂಬಂಧ?

ಕೆಟ್ಟವನಾಗಬೇಕು ಅಂತ ಯಾವ ಹುಡುಗನೂ ಗ್ಯಾಂಗಿಗೆ ಸೇರುವುದಿಲ್ಲ. ಸಂಜೆ ಹೊತ್ತು ಜೊತೆಗೆ ಯಾರಾದರೂ ಬೇಕು. ಹೆಸರು ಹಿಡಿದು ಕರೆಯುವವರು ಬೇಕು. ಯಾರಾದರೂ ಹೊಡೆಯಲು ಬಂದರೆ ಬೆನ್ನಿಗೆ ನಿಲ್ಲುವವರು ಬೇಕು. ಜೇಬಿನಲ್ಲಿ ನಾಲ್ಕು ಕಾಸೂ ಬೇಕು. ಇದನ್ನೆಲ್ಲ ಮೊದಲು ಯಾರು ಕೊಡುತ್ತಾರೋ ಅವರ ಹಿಂದೆ ಹೋಗುತ್ತಾನೆ. ದುಡ್ಡೊಂದು ಬಿಟ್ಟು ಉಳಿದದ್ದನ್ನೆಲ್ಲ ಒಂದು ತಂಡ ಕೊಡಬಲ್ಲದು. ದುಡ್ಡಿನ ವಿಷಯ ಕೆಳಗೆ ಬರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಚೆಂಡಿಗೆ ಯಾರನ್ನೂ ಕಾಪಾಡುವ ಶಕ್ತಿ ಇಲ್ಲ. ಹುಡುಗ ಎರಡು ದಿನ ಬರಲಿಲ್ಲ ಅಂತ ಗಮನಿಸಿ, ಮೂರನೇ ದಿನ ಅವನ ಮನೆ ಬಾಗಿಲಿಗೆ ಹೋಗುವ ದೊಡ್ಡವರೊಬ್ಬರು ಬೇಕು. ಅಷ್ಟು ಸಲುಗೆ ಬೆಳೆಯುವುದಕ್ಕೆ ಆಟ ಒಳ್ಳೆಯ ದಾರಿ. ಈ ಪುಟದ ಎಲ್ಲ ಉತ್ತರಗಳ ಹಿಂದೆ ಇರುವುದು ಇದೊಂದೇ.

ನಮ್ಮಂಥ ಊರಲ್ಲಿ ಗ್ಯಾಂಗ್ ಎಲ್ಲಿದೆ? ಅದೆಲ್ಲ ಬೆಂಗಳೂರಲ್ಲಿ ಅಲ್ವಾ?

ಸಿನಿಮಾದಲ್ಲಿ ತೋರಿಸುವಂಥ ದೊಡ್ಡ ಗ್ಯಾಂಗು ಎಲ್ಲ ಊರಲ್ಲೂ ಇರುವುದಿಲ್ಲ. ನಮ್ಮ ಕಡೆ ಹೆಚ್ಚಾಗಿ ಇರುವುದು ಏರಿಯಾಕ್ಕೊಬ್ಬ ‘ಅಣ್ಣ’, ಅವನ ಸುತ್ತ ಹತ್ತಾರು ಹುಡುಗರು. ಬಡ್ಡಿ ವಸೂಲಿ, ಗಾಂಜಾ ಸಾಗಿಸುವುದು, ಬೆಟ್ಟಿಂಗ್, ಸೈಟಿನ ಜಗಳದಲ್ಲಿ ಜನ ಕಳಿಸುವುದು, ಹಬ್ಬ ಬಂದರೆ ಅಂಗಡಿಗಳಲ್ಲಿ ರೋಲ್‌ಕಾಲ್. ಇತ್ತೀಚೆಗೆ ಇನ್ನೊಂದು ಸೇರಿದೆ. ಹುಡುಗರ ಹೆಸರಲ್ಲಿ ಬ್ಯಾಂಕ್ ಅಕೌಂಟ್ ಮಾಡಿಸಿ, ಆನ್‌ಲೈನ್ ಮೋಸದ ದುಡ್ಡನ್ನು ಅದರಲ್ಲಿ ಓಡಿಸುತ್ತಾರೆ.

ನಮ್ಮ ಜಿಲ್ಲೆ ಆಂಧ್ರ, ತಮಿಳುನಾಡು ಎರಡೂ ಗಡಿಗೆ ಅಂಟಿಕೊಂಡಿದೆ. ಒಂದು ಕಡೆ ಕೇಸಾದರೆ ಇನ್ನೊಂದು ಕಡೆಗೆ ದಾಟಿಬಿಡುವುದು ಸುಲಭ. ಜೊತೆಗೆ ಬೆಂಗಳೂರು ಹತ್ತಿರ. ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಆಮೇಲೆ ಸಾವಿರಾರು ಮನೆಗಳ ಅನ್ನ ಬೆಂಗಳೂರಿನ ರೈಲನ್ನು ನೆಚ್ಚಿಕೊಂಡಿದೆ. ನಸುಕಿಗೇ ಮಾರಿಕುಪ್ಪಂ ರೈಲು ಹತ್ತಿದ ಅಪ್ಪ ಮನೆಗೆ ಬರುವುದು ರಾತ್ರಿ. ನರಸಾಪುರ, ವೇಮಗಲ್, ಮಾಲೂರಿನ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುವ ಅಮ್ಮಂದಿರದ್ದೂ ಇದೇ ಕಥೆ. ಸ್ಕೂಲು ಬಿಟ್ಟ ಮೇಲೆ ಅವರು ಬರುವವರೆಗೆ ಹುಡುಗನನ್ನು ನೋಡುವವರು ಯಾರೂ ಇಲ್ಲ. ಇದು ಅಪ್ಪ ಅಮ್ಮನ ತಪ್ಪಲ್ಲ. ದುಡಿಯದಿದ್ದರೆ ಮನೆ ನಡೆಯುವುದಿಲ್ಲವಲ್ಲ. ಆದರೆ ಆ ಹೊತ್ತು ಖಾಲಿ ಇದೆ ಅನ್ನುವುದು ಏರಿಯಾದ ಅಣ್ಣನಿಗೆ ಚೆನ್ನಾಗಿ ಗೊತ್ತು.

ಹುಡುಗರನ್ನು ಹೇಗೆ ಸೆಳೆಯುತ್ತಾರೆ?

ಮೊದಲ ದಿನವೇ ಯಾರೂ ಮಚ್ಚು ಕೊಡುವುದಿಲ್ಲ. ಶುರುವಾಗುವುದು ಎಗ್ ಪಫ್ಸಿನಿಂದ. ಬೇಕರಿ ಮುಂದೆ ನಿಂತ ಹುಡುಗನಿಗೆ ಟೀ, ಪಫ್ಸ್ ಕೊಡಿಸುತ್ತಾರೆ. ಬೈಕ್ ಒಂದು ರೌಂಡ್ ಹೊಡಿ ಅನ್ನುತ್ತಾರೆ. ಹುಟ್ಟುಹಬ್ಬಕ್ಕೆ ರಸ್ತೆ ಮಧ್ಯೆ ಕೇಕು ಕತ್ತರಿಸಿ, ಫೋಟೋ ತೆಗೆದು ಸ್ಟೇಟಸ್ ಹಾಕುತ್ತಾರೆ. ಮನೆಯಲ್ಲೂ ಯಾರೂ ನೆನಪಿಡದ ಹುಟ್ಟುಹಬ್ಬ ಅದು. ಹುಡುಗ ಕರಗದೆ ಇರುತ್ತಾನಾ?

ಆಮೇಲೆ ಚಿಕ್ಕ ಕೆಲಸ ಬರುತ್ತದೆ. ಈ ಕವರ್ ಆ ಅಂಗಡಿಗೆ ಕೊಟ್ಟು ಬಾ. ಅಲ್ಲಿ ನಿಂತ್ಕೊಂಡು ಪೊಲೀಸ್ ಬಂದ್ರೆ ಫೋನ್ ಮಾಡು. ಇನ್ನೂರೋ ಮುನ್ನೂರೋ ಕೈಗೆ ಇಡುತ್ತಾರೆ. ಮುಂದಿನದು ಸಾಲ. ಮೊಬೈಲ್ ಕೊಡಿಸುತ್ತಾರೆ, ಅಮ್ಮನ ಆಸ್ಪತ್ರೆ ಖರ್ಚಿಗೆ ಸಹಾಯ ಮಾಡುತ್ತಾರೆ. ಆ ಋಣವನ್ನು ಯಾವಾಗ ಬೇಕಾದರೂ ಕೇಳಬಹುದು. ಕೊನೆಯದು ಹೆದರಿಕೆ: ನೀನು ತಂದುಕೊಟ್ಟ ಪ್ಯಾಕೆಟ್‌ನಲ್ಲಿ ಏನಿತ್ತು ಗೊತ್ತಾ, ಬಿಟ್ಟು ಹೋದರೆ ನಿನ್ನ ಹೆಸರೇ ಹೇಳ್ತೀವಿ.

ಇದರಲ್ಲಿ ಮೊದಲ ಎರಡು ಮೆಟ್ಟಿಲಲ್ಲಿ ಇರುವ ಹುಡುಗನನ್ನು ಮೈದಾನ ಸುಲಭವಾಗಿ ಹಿಡಿದು ನಿಲ್ಲಿಸಬಲ್ಲದು. ಸಾಲಕ್ಕೆ, ಹೆದರಿಕೆಗೆ ಸಿಕ್ಕವನಿಗೆ ಮೈದಾನ ಒಂದೇ ಸಾಲದು. ವಕೀಲರು, ಮಕ್ಕಳ ರಕ್ಷಣಾ ಘಟಕ, ನಂಬಿಕೆಯ ನೆಂಟರು ಎಲ್ಲರೂ ಬೇಕಾಗುತ್ತದೆ. ಅದಕ್ಕೇ 11, 12 ವರ್ಷಕ್ಕೇ ಶುರು ಮಾಡಿ ಅಂತ ನಾವು ಒತ್ತಿ ಹೇಳುವುದು.

ನಮ್ಮ ಮನೆ ಹುಡುಗ ಆ ಕಡೆ ಹೋಗ್ತಿದ್ದಾನೆ ಅಂತ ಗೊತ್ತಾಗೋದು ಹೇಗೆ?

ಒಂದೇ ಒಂದು ಗುರುತು ನೋಡಿ ತೀರ್ಮಾನ ಮಾಡಬೇಡಿ. ಕೂದಲು ಬಣ್ಣ ಮಾಡಿಸಿದ, ಎದುರು ಮಾತಾಡಿದ ಅಂತ ಹುಡುಗನ ಮೇಲೆ ಅನುಮಾನ ಪಟ್ಟರೆ ಅವನನ್ನು ನೀವೇ ಆ ಕಡೆಗೆ ತಳ್ಳಿದ ಹಾಗಾಗುತ್ತದೆ. ಹಲವು ಬದಲಾವಣೆ ಒಟ್ಟಿಗೆ ಕಂಡರೆ ಮಾತ್ರ ಗಮನ ಕೊಡಿ. ಎಲ್ಲಿಂದ ಬಂತು ಅಂತ ಹೇಳಲಾಗದ ದುಡ್ಡು ಅಥವಾ ಫೋನು. ಹಳೆ ಗೆಳೆಯರನ್ನು ಪೂರ್ತಿ ಬಿಟ್ಟು ತನಗಿಂತ ಐದಾರು ವರ್ಷ ದೊಡ್ಡವರ ಜೊತೆ ಓಡಾಟ. ಸ್ಕೂಲಿಗೆ ಅಂತ ಹೊರಟು ಸ್ಕೂಲಿಗೆ ಹೋಗದಿರುವುದು. ಒಂದು ಬೀದಿಯ ಕಡೆ ತಲೆ ಹಾಕಲು ಇದ್ದಕ್ಕಿದ್ದಂತೆ ಹೆದರುವುದು. ರಾತ್ರಿ ಫೋನ್ ಬಂದ ಕೂಡಲೇ ಎದ್ದು ಹೊರಡುವುದು.

ಕಂಡರೆ ಹೊಡೆಯಬೇಡಿ, ಮನೆಯಿಂದ ಆಚೆ ಹಾಕಬೇಡಿ. ಆಚೆ ಹಾಕಿದ ದಿನ ಅವನಿಗೆ ಮಲಗಲು ಜಾಗ ಕೊಡುವವನು ಆ ಅಣ್ಣನೇ. ಊಟಕ್ಕೆ ಬಡಿಸುತ್ತಾ ಕೇಳಿ. ನಿಮ್ಮ ಹತ್ತಿರ ಹೇಳದಿದ್ದರೆ ಮಾವನ ಹತ್ತಿರ, ಅಕ್ಕನ ಹತ್ತಿರ ಹೇಳಬಹುದು.

ಫುಟ್‌ಬಾಲೇ ಯಾಕೆ? ಕ್ರಿಕೆಟ್, ಕಬಡ್ಡಿ ಆಗಲ್ವಾ?

ಖಂಡಿತ ಆಗುತ್ತದೆ. ನಿಮ್ಮ ಊರಲ್ಲಿ ಕಬಡ್ಡಿ ಚೆನ್ನಾಗಿ ಆಡಿಸುವವರು ಇದ್ದರೆ ಕಬಡ್ಡಿಯನ್ನೇ ಆಡಿಸಿ. ನಾವು ಫುಟ್‌ಬಾಲ್ ಹಿಡಿದದ್ದಕ್ಕೆ ಕಾರಣ ಇದೆ. ಒಂದು ಚೆಂಡಿಗೆ ಇಪ್ಪತ್ತು ಹುಡುಗರು ಓಡಬಹುದು. ಕ್ರಿಕೆಟ್‌ನಲ್ಲಿ ಔಟಾದ ಹುಡುಗ ಒಂದು ಗಂಟೆ ಕಲ್ಲಿನ ಮೇಲೆ ಕೂತಿರುತ್ತಾನೆ, ಅವನ ಪಕ್ಕ ಬಂದು ಕೂರುವವರು ಯಾರು ಅಂತ ನಮಗೆ ಗೊತ್ತಿಲ್ಲ. ಫುಟ್‌ಬಾಲ್‌ನಲ್ಲಿ ಎಲ್ಲರೂ ಎಲ್ಲ ಹೊತ್ತೂ ಆಟದಲ್ಲೇ ಇರುತ್ತಾರೆ. ಬೂಟು ಇಲ್ಲದಿದ್ದರೂ ನಡೆಯುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತಕ್ಕೆ ಮೊದಲ ಒಲಿಂಪಿಕ್ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು.

ಇನ್ನೊಂದು ಕಾರಣ ಈ ಮಣ್ಣಿನದು. ಗಣಿ ನಡೆಯುತ್ತಿದ್ದ ಕಾಲದಿಂದ ಕೆಜಿಎಫ್‌ನಲ್ಲಿ ಫುಟ್‌ಬಾಲ್ ಇದೆ. ರಾಬರ್ಟ್‌ಸನ್‌ಪೇಟೆ, ಚಾಂಪಿಯನ್ ರೀಫ್ಸ್, ಉರಿಗಾಂ ಕಡೆ ಹೋಗಿ ಅರವತ್ತು ದಾಟಿದ ಯಾರನ್ನಾದರೂ ಮಾತಾಡಿಸಿ, ತಾವು ಆಡಿದ ಮ್ಯಾಚಿನ ಕಥೆ ಹೇಳುತ್ತಾರೆ. ಆ ತಾತಂದಿರೇ ನಮಗೆ ದೊಡ್ಡ ಆಸ್ತಿ. ಮೈದಾನದ ಪಕ್ಕ ಅವರು ಸುಮ್ನೆ ಕುರ್ಚಿ ಹಾಕಿಕೊಂಡು ಕೂತರೂ ಸಾಕು, ಬೇಡದವರು ಹತ್ತಿರ ಬರುವುದಿಲ್ಲ. ಕರ್ನಾಟಕ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ ಹುಡುಗರಿಗಿಂತ ಜಾಸ್ತಿ ಕುಣಿದದ್ದು ಇಂಥ ತಾತಂದಿರೇ.

ಬೇರೆ ಎಲ್ಲಾದರೂ ಹೀಗೆ ಮಾಡಿದ್ದಾರಾ?

ಮಾಡಿದ್ದಾರೆ, ನಮಗಿಂತ ಕಷ್ಟದ ಜಾಗಗಳಲ್ಲಿ. ಕೊಲಂಬಿಯಾದ ಮೆಡೆಲಿನ್ ನಗರದ ಕಥೆ ಎಲ್ಲರಿಗೂ ಗೊತ್ತಾಗಬೇಕು. 1994ರ ವಿಶ್ವಕಪ್‌ನಲ್ಲಿ ಕೊಲಂಬಿಯಾ ತಂಡದ ಆಟಗಾರ ಆಂಡ್ರೆಸ್ ಎಸ್ಕೊಬಾರ್ ಕಾಲಿಗೆ ತಾಗಿ ಚೆಂಡು ಅವರದೇ ಗೋಲಿಗೆ ಹೋಯಿತು. ಊರಿಗೆ ವಾಪಸಾದ ಮೇಲೆ ಜುಲೈ 2ರಂದು ಅವರನ್ನು ಗುಂಡಿಟ್ಟು ಕೊಂದರು. ಆ ಸಾವಿನ ನಂತರ ಅದೇ ಊರಲ್ಲಿ ಜಗಳವಾಡುವ ಬೀದಿಗಳ ಹುಡುಗರನ್ನೇ ಸೇರಿಸಿ ‘ಶಾಂತಿಗಾಗಿ ಫುಟ್‌ಬಾಲ್’ ಅಂತ ಶುರು ಮಾಡಿದರು. ರೆಫರಿ ಇಲ್ಲ. ಹುಡುಗ ಹುಡುಗಿ ಸೇರಿ ಆಡಬೇಕು. ಮೊದಲ ಗೋಲು ಹುಡುಗಿಯೇ ಹೊಡೆಯಬೇಕು. ಮ್ಯಾಚಿಗೆ ಮೊದಲು ಕೂತು ನಿಯಮ ಒಪ್ಪಬೇಕು, ಮುಗಿದ ಮೇಲೆ ಮತ್ತೆ ಕೂತು ಯಾರು ನ್ಯಾಯವಾಗಿ ಆಡಿದರು ಅಂತ ಪಾಯಿಂಟ್ ಕೊಡಬೇಕು. ಈ ಪದ್ಧತಿ ಈಗ ಹಲವು ದೇಶಗಳಲ್ಲಿದೆ. ನಾವೂ ಶನಿವಾರದ ಮ್ಯಾಚನ್ನು ಹೀಗೇ ಆಡಿಸುತ್ತೇವೆ. ಮಾತಿಗೆ ಮೊದಲು ಕೈ ಎತ್ತುವ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಪಾಠ ನಾವು ಕಂಡಿಲ್ಲ. ‘ನೀನು ನನ್ನ ಕಾಲಿಗೆ ಒದ್ದೆ, ನನಗೆ ಸಿಟ್ಟು ಬಂತು’ ಅಂತ ಕೂತುಕೊಂಡು ಹೇಳುವುದು ಅವನ ಜೀವನದಲ್ಲಿ ಅದೇ ಮೊದಲಿರಬಹುದು.

ಕೀನ್ಯಾದ ನೈರೋಬಿಯಲ್ಲಿ ಮಥಾರೆ ಅನ್ನುವ ದೊಡ್ಡ ಕೊಳೆಗೇರಿ ಇದೆ. ಅಲ್ಲಿ 1987ರಲ್ಲಿ ಶುರುವಾದ ಮಕ್ಕಳ ಲೀಗ್‌ನಲ್ಲಿ ಮ್ಯಾಚ್ ಗೆದ್ದರೆ 3 ಪಾಯಿಂಟ್, ಬೀದಿಯ ಕಸ ತೆಗೆದರೆ 6 ಪಾಯಿಂಟ್ ಕೊಟ್ಟರು. ಅದರಿಂದ ಹುಟ್ಟಿದ ಮಥಾರೆ ಯುನೈಟೆಡ್ 2008ರಲ್ಲಿ ದೇಶದ ಲೀಗ್ ಗೆದ್ದಿತು. ನಮ್ಮ ದೇಶದಲ್ಲೇ ನಾಗಪುರದಲ್ಲಿ ವಿಜಯ್ ಬಾರ್ಸೆ ಅನ್ನುವ ಕ್ರೀಡಾ ಉಪನ್ಯಾಸಕರು ಮಳೆಯಲ್ಲಿ ಒಡೆದ ಬಕೆಟ್ ಒದೆಯುತ್ತಿದ್ದ ಹುಡುಗರನ್ನು ನೋಡಿ 2001ರಲ್ಲಿ ಕೊಳೆಗೇರಿ ಮಕ್ಕಳಿಗೆ ಫುಟ್‌ಬಾಲ್ ಆಡಿಸುವ ‘ಸ್ಲಂ ಸಾಕರ್’ ಸಂಸ್ಥೆ ಕಟ್ಟಿದರು.

ಆಟ ಆಡಿಸಿದರೆ ಸಾಕಾ? ಇದರಿಂದ ಅಪರಾಧ ಕಮ್ಮಿಯಾಗುತ್ತೆ ಅಂತ ಸಾಬೀತಾಗಿದೆಯಾ?

ಬರೀ ಆಟದಿಂದ ಕಮ್ಮಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಈ ವಿಷಯ ಅಧ್ಯಯನ ಮಾಡಿದವರೂ ಹಾಗೆ ಹೇಳುವುದಿಲ್ಲ. ಆಟದ ಜೊತೆ ಓದು, ಕೆಲಸ, ಮನೆಯವರ ಸಂಪರ್ಕ, ವರ್ಷಗಟ್ಟಲೆ ಬಿಡದೆ ನಿಲ್ಲುವ ಒಬ್ಬ ದೊಡ್ಡವರು ಇದ್ದ ಕಡೆ ಒಳ್ಳೆಯದಾಗುವ ಸಾಧ್ಯತೆ ಹೆಚ್ಚು. ಮೂರು ತಿಂಗಳು ಕ್ಯಾಂಪ್ ಮಾಡಿ, ಟಿ-ಶರ್ಟ್ ಹಂಚಿ, ಫೋಟೋ ತೆಗೆದು ಹೋಗುವುದರಿಂದ ಹುಡುಗರಿಗೆ ಕೆಟ್ಟದ್ದೇ ಆಗಬಹುದು. ದೊಡ್ಡವರು ಬಂದು ಹೋಗುವವರು ಅಂತ ಅವರು ಮತ್ತೊಂದು ಸಲ ಕಲಿಯುತ್ತಾರೆ.

ಇನ್ನೊಂದು ಎಚ್ಚರಿಕೆ ಬಹಳ ಮುಖ್ಯ. 1999ರಲ್ಲಿ ಅಮೆರಿಕದ ಥಾಮಸ್ ಡಿಶಿಯನ್ ಮತ್ತು ಅವರ ಜೊತೆಗಾರರು ಒಂದು ಲೇಖನ ಬರೆದರು. ದಾರಿ ತಪ್ಪಿದ ಹುಡುಗರನ್ನೇ ಆರಿಸಿ ಒಂದೇ ಗುಂಪು ಮಾಡಿದರೆ ಅವರು ಒಬ್ಬರಿಂದೊಬ್ಬರು ಇನ್ನಷ್ಟು ಕಲಿತು ಹಾಳಾಗಬಹುದು ಅಂತ ಅದರಲ್ಲಿ ತೋರಿಸಿದರು. ಹಾಗಾಗಿ ‘ಪುಂಡ ಹುಡುಗರ ಟೀಮ್’ ಅಂತ ಯಾವತ್ತೂ ಮಾಡಬೇಡಿ. ಚೆನ್ನಾಗಿ ಓದುವವನು, ಟೊಮೆಟೊ ಮಂಡಿಯಲ್ಲಿ ಕ್ರೇಟ್ ಎತ್ತುವವನು, ಪೊಲೀಸ್ ಕ್ವಾರ್ಟರ್ಸಿನ ಹುಡುಗ, ಸ್ಟೇಷನ್ ಮೆಟ್ಟಿಲು ಹತ್ತಿ ಬಂದವನು, ಎಲ್ಲರೂ ಒಂದೇ ತಂಡದಲ್ಲಿ ಇರಲಿ. ಯಾರು ಯಾಕೆ ಬಂದಿದ್ದಾರೆ ಅಂತ ಮೈದಾನದಲ್ಲಿ ಯಾರಿಗೂ ಗೊತ್ತಾಗಬಾರದು.

ಯಾವ ಹೊತ್ತಲ್ಲಿ ಆಡಿಸಬೇಕು?

ಗ್ಯಾಂಗು ಕೆಲಸ ಮಾಡುವ ಹೊತ್ತಲ್ಲೇ. ಬೆಳಗ್ಗೆ ಐದೂವರೆಗೆ ಬರುವವರು ಹೇಗಿದ್ದರೂ ಶಿಸ್ತಿನ ಹುಡುಗರು. ನಮಗೆ ಬೇಕಾದವನು ಆಗ ಇನ್ನೂ ಮಲಗಿರುತ್ತಾನೆ. ಸಂಜೆ ಆರರಿಂದ ಎಂಟೂವರೆ ಮುಖ್ಯ. ಶುಕ್ರವಾರ, ಶನಿವಾರ ಇನ್ನೂ ಮುಖ್ಯ. ಪರೀಕ್ಷೆ ಮುಗಿದ ಮೇಲಿನ ಏಪ್ರಿಲ್, ಮೇ ತಿಂಗಳಲ್ಲಿ ಒಂದು ದಿನವೂ ತಪ್ಪಬಾರದು. ಗಣೇಶನ ಹಬ್ಬದ ವಾರ ಬಿಡುವು ಕೊಡುತ್ತೀವಿ ಅನ್ನುವವರಿಗೆ ನಮ್ಮ ಕಿವಿಮಾತು: ಹುಡುಗರನ್ನು ವಸೂಲಿಗೆ, ಕುಡಿತಕ್ಕೆ ಮೊದಲ ಸಲ ಇಳಿಸುವುದು ಅದೇ ವಾರ.

ಮೈದಾನ ಎಲ್ಲಿ ಸಿಗುತ್ತೆ?

ಸರ್ಕಾರಿ ಶಾಲೆಯ ಮೈದಾನ ಒಳ್ಳೆಯದು. ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನೂ ಕಂಡು ಅರ್ಜಿ ಕೊಡಿ. ಗೇಟಿನ ಬೀಗ, ಶೌಚಾಲಯ, ಕಸದ ಜವಾಬ್ದಾರಿ ನಮ್ಮದು ಅಂತ ಅದರಲ್ಲೇ ಬರೆದುಕೊಡಿ. ಕೋಲಾರದವರಾದರೆ ಜಿಲ್ಲಾ ಕ್ರೀಡಾಂಗಣದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಐದೈದು ಜನರ ಆಟಕ್ಕೆ ಪೂರ್ತಿ ಮೈದಾನ ಬೇಡ, ಒಂದು ಬ್ಯಾಸ್ಕೆಟ್‌ಬಾಲ್ ಅಂಕಣದಷ್ಟು ಜಾಗವಿದ್ದರೂ ಆಡಬಹುದು. ಜಾಗ ಯಾವ ಏರಿಯಾದ ಗಡಿಯಲ್ಲಿದೆ ಅನ್ನುವುದನ್ನು ಮಾತ್ರ ಹುಡುಗರನ್ನೇ ಕೇಳಿ ತಿಳಿಯಿರಿ. ನಮಗೆ ಕಾಣದ ಗೆರೆ ಅವರಿಗೆ ಕಾಣುತ್ತದೆ. ಆ ಬೀದಿ ದಾಟಿ ಬರಲಾಗದ ಹುಡುಗ ‘ಹೋಂವರ್ಕ್ ಇದೆ ಅಣ್ಣ’ ಅಂತ ಹೇಳಿ ತಪ್ಪಿಸಿಕೊಳ್ಳುತ್ತಾನೆ.

ಏರಿಯಾಕ್ಕೊಂದು ತಂಡ ಮಾಡಿ ಮ್ಯಾಚ್ ಇಡಬೇಡಿ. ಚೀಟಿ ಎತ್ತಿ ತಂಡ ಹಂಚಿ. ಇಲ್ಲದಿದ್ದರೆ ಬೀದಿಯ ಜಗಳಕ್ಕೆ ನಾವೇ ಜೆರ್ಸಿ ಹಾಕಿಸಿದಂತಾಗುತ್ತದೆ.

ಎಷ್ಟು ಖರ್ಚಾಗುತ್ತೆ?

ಅಂದುಕೊಂಡಷ್ಟು ಆಗುವುದಿಲ್ಲ. ಚೆಂಡು ಐದಾರು ಬೇಕು: 12 ವರ್ಷದವರೆಗೆ 4ನೇ ಸೈಜು, ಅದರ ಮೇಲೆ 5ನೇ ಸೈಜು. ತಂಡ ಗುರುತಿಸಲು ಅಂಗಿ ಮೇಲೆ ಹಾಕುವ ಎರಡು ಬಣ್ಣದ ಬಿಬ್ಸ್, ಒಂದಷ್ಟು ಕೋನ್, ಪಂಪು, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಹೆಚ್ಚು ಖರ್ಚು ದೀಪಕ್ಕೆ ಮತ್ತು ತಿಂಡಿಗೆ. ತಿಂಡಿಯಲ್ಲಿ ಕಂಜೂಸುತನ ಬೇಡ. ಮಧ್ಯಾಹ್ನ ಸ್ಕೂಲಲ್ಲಿ ಉಂಡ ಹುಡುಗ ರಾತ್ರಿ ಅಮ್ಮ ಬರುವವರೆಗೆ ಹಸಿದಿರುತ್ತಾನೆ. ಬೇಯಿಸಿದ ಕಡಲೆಕಾಯಿ, ಬೆಲ್ಲ, ಬಾಳೆಹಣ್ಣು, ಮೊಟ್ಟೆ ಸಾಕು. ಬೇಕರಿ ಮುಂದಿನ ಎಗ್ ಪಫ್ಸ್ ನೆನಪಿದೆಯಲ್ಲ.

ಏರಿಯಾದ ‘ಅಣ್ಣ’ನೇ ಜೆರ್ಸಿ ಕೊಡಿಸ್ತೀನಿ, ಟೂರ್ನಮೆಂಟ್ ಮಾಡಿಸ್ತೀನಿ ಅಂದರೆ?

ಬೇಡ. ಎಷ್ಟೇ ಕಷ್ಟ ಇದ್ದರೂ ಬೇಡ.

ಹೀಗೆ ಕೇಳುವವರು ಬಹಳ ಮಂದಿ, ಅದಕ್ಕೆ ವಿವರವಾಗಿ ಹೇಳುತ್ತೇವೆ. ಅವನು ಕೊಡುವ ಜೆರ್ಸಿಯ ಬೆನ್ನ ಮೇಲೆ ಅವನ ಹೆಸರಿರುತ್ತದೆ. ಫ್ಲೆಕ್ಸ್‌ನಲ್ಲಿ ಹುಡುಗರ ಫೋಟೋ ಚಿಕ್ಕದು, ಅವನದು ದೊಡ್ಡದು. ಮೊದಲ ಬಹುಮಾನ ಹತ್ತು ಸಾವಿರ ಅಂತ ಇಟ್ಟರೆ ಪಕ್ಕದಲ್ಲಿ ಬೆಟ್ಟಿಂಗ್ ಶುರುವಾಗುತ್ತದೆ. ಮ್ಯಾಚ್ ಸೋತ ಸಂಜೆ ಹೊಡೆದಾಟ. ಇದೆಲ್ಲಕ್ಕಿಂತ ದೊಡ್ಡ ನಷ್ಟ ಏನೆಂದರೆ, ‘ಒಳ್ಳೆಯದೂ ಇವನ ಕೈಯಿಂದಲೇ ಬರಬೇಕು’ ಅಂತ ಹುಡುಗ ನಂಬಿಬಿಡುತ್ತಾನೆ.

ಬೇಡ ಅನ್ನುವಾಗ ಅವನ ಮರ್ಯಾದೆ ತೆಗೆಯಬೇಡಿ, ಒಬ್ಬರೇ ಹೋಗಿ ಹೇಳಲೂ ಬೇಡಿ. ‘ಶಾಲೆಯವರ ನಿಯಮ ಅಣ್ಣ, ಬೀದಿಯ ಮನೆಗಳ ಚಂದಾ ಬಿಟ್ಟು ಯಾರಿಂದಲೂ ದುಡ್ಡು ತಗೊಳ್ಳಲ್ಲ’ ಅಂತ ಎಲ್ಲರಿಗೂ ಒಂದೇ ಉತ್ತರ ಇರಲಿ. ಹಾಗೆ ಹೇಳಬೇಕೆಂದರೆ ನಿಜವಾಗಿಯೂ ಅಂಥ ನಿಯಮ ಇರಬೇಕು. ಚುನಾವಣೆ ಹತ್ತಿರ ಬಂದಾಗ ಬರುವ ಟಿ-ಶರ್ಟಿಗೂ ಇದೇ ಉತ್ತರ. ಬೀದಿಯ ಮೂವತ್ತು ಮನೆಗಳು ತಿಂಗಳಿಗೆ ನೂರು ನೂರು ರೂಪಾಯಿ ಹಾಕಿದರೆ ತಿಂಡಿಯ ಖರ್ಚಿಗೆ ದೊಡ್ಡ ಆಸರೆ. ಆಗ ಆ ಮೂವತ್ತು ಮನೆಯವರೂ ಹುಡುಗರ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ.

ಆಗಲೇ ಗ್ಯಾಂಗಿನ ಜೊತೆ ಓಡಾಡುವ ಹುಡುಗನನ್ನು ಸೇರಿಸಿಕೊಳ್ಳಬಹುದಾ?

ಸೇರಿಸಿಕೊಳ್ಳಬೇಕು. ಅವನಿಗೇ ಅಲ್ವಾ ಇದು ಜಾಸ್ತಿ ಬೇಕಾಗಿರುವುದು? ಆದರೆ ಉಳಿದ ಮಕ್ಕಳ ಸುರಕ್ಷತೆಗೆ ಮೂರು ಗೆರೆ ದಾಟಬಾರದು: ಆಯುಧ ತರಬಾರದು, ನಶೆಯಲ್ಲಿ ಬರಬಾರದು, ಇಲ್ಲಿಂದ ಯಾರನ್ನೂ ಕರೆದುಕೊಂಡು ಹೋಗಬಾರದು. ಮೊದಲ ಎರಡಕ್ಕೆ ಆ ದಿನ ಮನೆಗೆ ಕಳಿಸಿ, ಮರುದಿನ ಬರಲು ಹೇಳಿ. ಮೂರನೆಯದಕ್ಕೆ ಮಾತ್ರ ಮೈದಾನದಿಂದ ದೂರ ಇಡಿ. ಆಗಲೂ ಅವನ ಜೊತೆ ಮಾತು ಬಿಡಬೇಡಿ. ಮೈದಾನದ ಆಚೆ, ಟೀ ಅಂಗಡಿಯಲ್ಲಿ ಸಿಗಿ. ನಶೆಗೆ ಬಿದ್ದಿದ್ದರೆ 14446 ಸಹಾಯವಾಣಿ ಇದೆ. ಮನಸ್ಸಿನ ಕಷ್ಟಕ್ಕೆ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

‘18 ಆಗಿಲ್ಲ, ನಿಂಗೇನೂ ಆಗಲ್ಲ’ ಅಂತ ಹುಡುಗರಿಗೆ ಹೇಳ್ತಾರಂತೆ. ನಿಜವಾ?

ಹೇಳುತ್ತಾರೆ. ಅದು ಸುಳ್ಳು. ಗ್ಯಾಂಗು ಚಿಕ್ಕವರನ್ನು ಮುಂದೆ ಬಿಡುವುದೇ ತಾವು ತಪ್ಪಿಸಿಕೊಳ್ಳಲು. ಬಾಲ ನ್ಯಾಯ ಕಾಯ್ದೆ, 2015 ಮಕ್ಕಳನ್ನು ಕಾಪಾಡುತ್ತದೆ, ನಿಜ. 18ರ ಒಳಗಿನವರನ್ನು ಲಾಕಪ್‌ಗೆ, ಜೈಲಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಆದರೆ 16 ದಾಟಿದವನ ಮೇಲೆ ಕೊಲೆಯಂಥ ಘೋರ ಅಪರಾಧದ ಆರೋಪ ಬಂದರೆ, ಮಂಡಳಿ ಪರಿಶೀಲಿಸಿ ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು. ಇನ್ನೊಂದು ವಿಷಯ ಕಮ್ಮಿ ಜನಕ್ಕೆ ಗೊತ್ತು. ಕೇಂದ್ರದ 2016ರ ಮಾದರಿ ನಿಯಮದ ಪ್ರಕಾರ ಮಕ್ಕಳ ಸಣ್ಣಪುಟ್ಟ ತಪ್ಪಿಗೆ ಎಫ್‌ಐಆರ್ ಹಾಕುವಂತಿಲ್ಲ. ದೊಡ್ಡವರ ಜೊತೆ ಸೇರಿ ಮಾಡಿದ ಆರೋಪ ಇದ್ದರೆ ಹಾಕಬಹುದು. ಅಂದರೆ ಅಣ್ಣನ ಜೊತೆ ಹೋದದ್ದೇ ಹುಡುಗನಿಗೆ ಉರುಳು.

ಮಚ್ಚು ಹಿಡಿದು ರೀಲ್ಸ್ ಮಾಡುವುದು ಆಟ ಅಂದುಕೊಂಡಿದ್ದಾರೆ ಹುಡುಗರು. ಅದಕ್ಕೂ ನಮ್ಮ ರಾಜ್ಯದಲ್ಲಿ ಆಯುಧ ಕಾಯ್ದೆಯಡಿ ಕೇಸಾಗಿದೆ.

ಹುಡುಗರನ್ನು ಬಳಸಿಕೊಳ್ಳುವ ದೊಡ್ಡವರಿಗೆ ಶಿಕ್ಷೆ ಇಲ್ವಾ?

ಇದೆ, ಗಟ್ಟಿಯಾಗೇ ಇದೆ. ಅಪರಾಧಕ್ಕೆ ಮಕ್ಕಳನ್ನು ಬಳಸಿಕೊಂಡರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 95ನೇ ಸೆಕ್ಷನ್ ಪ್ರಕಾರ ಕನಿಷ್ಠ 3 ವರ್ಷ, ಗರಿಷ್ಠ 10 ವರ್ಷ ಸೆರೆ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಇಳಿಸಿದರೆ ಬಾಲ ನ್ಯಾಯ ಕಾಯ್ದೆಯ 83ನೇ ಸೆಕ್ಷನ್ ಅಡಿ 7 ವರ್ಷದವರೆಗೆ ಸೆರೆ, ಜೊತೆಗೆ 5 ಲಕ್ಷ ರೂಪಾಯಿ ದಂಡ. ಮಕ್ಕಳ ಕೈಯಲ್ಲಿ ಮಾದಕ ವಸ್ತು ಸಾಗಿಸಿದರೆ 78ನೇ ಸೆಕ್ಷನ್.

ದೂರು ಕೊಡಲು ಹೆದರಿಕೆ ಸಹಜ. 1098 ಮಕ್ಕಳ ಸಹಾಯವಾಣಿಗೆ ಮೊದಲು ಫೋನ್ ಮಾಡಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಹೋಗಬಹುದು. ಮಾದಕ ವಸ್ತು ಮಾರಾಟದ ಮಾಹಿತಿಯನ್ನು 1933ಕ್ಕೆ ಕೊಡಬಹುದು. ಜೀವಕ್ಕೆ ಅಪಾಯ ಅನ್ನಿಸಿದರೆ ತಕ್ಷಣ 112. ಪ್ರತಿ ಠಾಣೆಯಲ್ಲೂ ಮಕ್ಕಳ ವಿಷಯ ನೋಡುವ ಅಧಿಕಾರಿಯೊಬ್ಬರು ಇರಬೇಕು ಅಂತ ಕಾನೂನಿದೆ. ಅವರು ಯಾರು ಅಂತ ಕೇಳಿ ತಿಳಿದುಕೊಂಡಿರಿ, ತೊಂದರೆ ಬಂದ ದಿನ ಹುಡುಕಾಡುವುದು ಬೇಡ.

ಒಂದು ವಿನಂತಿ. ಮೈದಾನದ ಹುಡುಗರನ್ನು ಮಾಹಿತಿದಾರರನ್ನಾಗಿ ಮಾಡಬೇಡಿ. ಹುಡುಗ ನಂಬಿ ಹೇಳಿದ ಮಾತು ನಾಳೆ ಠಾಣೆಯಲ್ಲಿ ಕೇಳಿಸಿದರೆ ಅವನ ಜೀವಕ್ಕೇ ಅಪಾಯ. ಮಗುವಿಗೆ ಹಾನಿಯಾಗುವ ಹಾಗಿದ್ದರೆ ಮಾತ್ರ, ಅವನಿಗೆ ಮೊದಲೇ ಹೇಳಿ, ಮುಂದಕ್ಕೆ ತಿಳಿಸಬೇಕು.

ಕೋಚ್ ಎಂಥವರಿರಬೇಕು?

ಆಟ ಚೆನ್ನಾಗಿ ಬರುವವರಿಗಿಂತ ದಿನಾ ಬರುವವರು. ಇದೇ ಬೀದಿಯಲ್ಲಿ ಬೆಳೆದವರಾದರೆ ಇನ್ನೂ ಒಳ್ಳೆಯದು. ಆಟ ಕಲಿಸುವ ಕ್ರಮ ಕಲಿಯಬೇಕೆಂದರೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಆರಂಭದ ಹಂತದ ಕೋಚಿಂಗ್ ಕೋರ್ಸ್‌ಗಳನ್ನು ನಡೆಸುತ್ತದೆ.

ಮಕ್ಕಳ ಸುರಕ್ಷತೆ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು. ಒಂದೇ ಮಗುವನ್ನು ಬೈಕಿನಲ್ಲಿ ಕರೆದುಕೊಂಡು ಹೋಗಬಾರದು. ಮಕ್ಕಳಿಗೆ ಖಾಸಗಿ ಮೆಸೇಜ್ ಬೇಡ, ಅಪ್ಪ ಅಮ್ಮ ಇರುವ ಗ್ರೂಪ್‌ನಲ್ಲೇ ಮಾತು. ಕೋಚ್ ಆಗುವವರ ಪೊಲೀಸ್ ಪರಿಶೀಲನೆ ಆಗಿರಲಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೂ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿಸಲೇಬೇಕು. ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಒಂಟಿ ಹುಡುಗನ ಮೇಲೆ ಕಣ್ಣು ಹಾಕುವವರು ಗ್ಯಾಂಗಿನವರು ಮಾತ್ರ ಅಲ್ಲ ಅನ್ನುವುದನ್ನು ಮರೆಯಬಾರದು.

ಹುಡುಗಿಯರು ಬರಬಹುದಾ?

ಬರಬೇಕು. ಗ್ಯಾಂಗುಗಳು ಹುಡುಗಿಯರನ್ನು ಬಳಸಿಕೊಳ್ಳುವುದು ಬೇರೆ ಥರ: ಪ್ರೀತಿಯ ಹೆಸರಲ್ಲಿ, ಫೋಟೋ ಇಟ್ಟುಕೊಂಡು ಹೆದರಿಸಿ, ಅನುಮಾನ ಬಾರದಂತೆ ಸಾಮಾನು ಬಚ್ಚಿಡಿಸಿ. ಅವರಿಗೂ ಒಂದು ಜಾಗ, ಮಾತಾಡಲು ಒಬ್ಬ ಅಕ್ಕ ಬೇಕು. ಸಮಯ ಸ್ವಲ್ಪ ಮುಂಚೆ ಇಡಿ, ಮನೆವರೆಗೆ ಬಿಡುವ ವ್ಯವಸ್ಥೆ ಇರಲಿ, ಕೋಚ್ ಹೆಣ್ಣುಮಗಳಿರಲಿ.

ಗ್ಯಾಂಗು ದುಡ್ಡು ಕೊಡುತ್ತೆ. ನೀವೇನು ಕೊಡ್ತೀರಿ?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಮನೆಯಲ್ಲಿ ಬಾಡಿಗೆ ಕಟ್ಟಲು ಇಲ್ಲ ಅಂದರೆ ‘ಬಾ ಆಡೋಣ’ ಅನ್ನುವುದು ಅನ್ಯಾಯ. 14ರ ಒಳಗಿನವರನ್ನು ಕೂಲಿಗೆ ಇಡುವಂತಿಲ್ಲ, 18ರವರೆಗೆ ಅಪಾಯದ ಕೆಲಸ ಮಾಡಿಸುವಂತಿಲ್ಲ. ಆದ್ದರಿಂದ ಚಿಕ್ಕವರ ವಿಷಯದಲ್ಲಿ ಮನೆಗೆ ಬರಬೇಕಾದ ಸರ್ಕಾರದ ಸವಲತ್ತು ಬರುತ್ತಿದೆಯಾ ಅಂತ ನೋಡುತ್ತೇವೆ: ರೇಷನ್, ಸ್ಕಾಲರ್‌ಶಿಪ್, ಹಾಸ್ಟೆಲ್ ಸೀಟು, ವಿಧವಾ ಪಿಂಚಣಿ. ಅರ್ಜಿ ತುಂಬಿಸಲು ಜೊತೆಗೆ ಹೋಗುವುದು ಕೂಡ ಕೋಚಿಂಗೇ.

ದೊಡ್ಡ ಹುಡುಗರಿಗೆ ಓದು ಮುಖ್ಯ. ಎಸ್ಸೆಸ್ಸೆಲ್ಸಿ ಫೇಲಾದವನೇ ಬಹಳ ಬೇಗ ಸಿಕ್ಕಿಬೀಳುವವನು. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಫಲಿತಾಂಶ ಬಂದ ದಿನವೇ ಅವನ ಮನೆಗೆ ಹೋಗಿ, ಮುಂದಿನ ಪರೀಕ್ಷೆಗೆ ದುಡ್ಡು ಕಟ್ಟಿಸಿ. ಪಾಸಾದರೆ ಐಟಿಐ ಇದೆ. ನಮ್ಮ ಜಿಲ್ಲೆಯ ಫ್ಯಾಕ್ಟರಿಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್ ಕಲಿತವರಿಗೆ ಕೆಲಸ ಹುಡುಕುವುದು ಅಷ್ಟು ಕಷ್ಟವಲ್ಲ. ದೊಡ್ಡ ಆಟಗಾರ ಆಗ್ತೀಯಾ ಅಂತ ಸುಳ್ಳು ಆಸೆ ಹುಟ್ಟಿಸಬೇಡಿ. ನೂರರಲ್ಲಿ ಒಬ್ಬನೂ ಅಲ್ಲಿಗೆ ಮುಟ್ಟುವುದು ಕಷ್ಟ.

ಹುಡುಗ ಬರೋದನ್ನೇ ನಿಲ್ಲಿಸಿಬಿಟ್ಟರೆ?

ಹಾಜರಿ ಪುಸ್ತಕ ಇಡಿ. ಎರಡು ದಿನ ಬರದಿದ್ದರೆ ಗೆಳೆಯನನ್ನು ಕಳಿಸಿ, ಮೂರನೇ ದಿನ ನೀವೇ ಹೋಗಿ. ಬೈಯಲು ಹೋಗಬೇಡಿ. ‘ಯಾಕೋ ಕಾಣಿಸ್ಲಿಲ್ಲ, ಹುಷಾರಾಗಿದ್ದೀಯಾ’ ಅಂದರೆ ಸಾಕು. ಕೆಲವರು ಆರು ತಿಂಗಳು ಬಿಟ್ಟು ಬರುತ್ತಾರೆ. ಬಂದಾಗ ಎಲ್ಲಿ ಹೋಗಿದ್ದೆ ಅಂತ ಎಲ್ಲರ ಮುಂದೆ ಕೇಳದೆ, ಬಿಬ್ಸ್ ಕೊಟ್ಟು ಆಟಕ್ಕೆ ಇಳಿಸಿ.

ನನಗೆ 16. ಇದು ನನ್ನ ಬಗ್ಗೆನೇ ಇದೆ. ನಾನೇನು ಮಾಡಲಿ?

ಮೊದಲು, ಇನ್ನೊಂದು ‘ಚಿಕ್ಕ ಕೆಲಸ’ ಅಂತ ಫೋನ್ ಬಂದರೆ ಹೋಗಬೇಡ. ಎದುರು ಬಿದ್ದು ಜಗಳ ಆಡಲೂ ಬೇಡ. ಹೊಟ್ಟೆ ನೋವು, ಅಮ್ಮ ಬಿಡ್ತಿಲ್ಲ, ಊರಿಗೆ ಹೋಗ್ತಿದ್ದೀನಿ, ಏನಾದರೂ ಹೇಳಿ ಒಂದು ದಿನ ತಳ್ಳು. ಆ ಒಂದು ದಿನದಲ್ಲಿ ನೀನು ನಂಬುವ ದೊಡ್ಡವರೊಬ್ಬರಿಗೆ ಎಲ್ಲ ಹೇಳು: ಮೇಷ್ಟ್ರು, ಅತ್ತೆ, ಕೋಚ್, ಯಾರಾದರೂ ಸರಿ. ಯಾರೂ ಇಲ್ಲ ಅನ್ನಿಸಿದರೆ 1098ಕ್ಕೆ ಫೋನ್ ಮಾಡು, ದುಡ್ಡು ಬೇಕಾಗಿಲ್ಲ. ಸಾಲ ಇದ್ದರೆ, ನಿನ್ನ ಅಕೌಂಟ್ ಬೇರೆಯವರು ಬಳಸುತ್ತಿದ್ದರೆ, ಅದನ್ನೂ ಮುಚ್ಚಿಡಬೇಡ. ಬೇಗ ಹೇಳಿದಷ್ಟೂ ಬಿಡಿಸುವುದು ಸುಲಭ. ನೀನು ಮಾಡಿದ್ದು ತಪ್ಪೇ ಆಗಿರಬಹುದು. ಆದರೂ ನಿನ್ನನ್ನು ಅದಕ್ಕೆ ಇಳಿಸಿದವರ ತಪ್ಪು ಕಾನೂನಿನ ಕಣ್ಣಲ್ಲಿ ನಿನ್ನದಕ್ಕಿಂತ ದೊಡ್ಡದು.

ಆಡಲು ಬರುವುದಾದರೆ ಬೂಟು ಬೇಡ, ದುಡ್ಡು ಬೇಡ, ಆಟ ಬರಬೇಕು ಅಂತಲೂ ಇಲ್ಲ. ನಿಮ್ಮ ಬೀದಿ ದಾಟಿ ಬರಲು ತೊಂದರೆ ಇದ್ದರೆ ಮೊದಲೇ ತಿಳಿಸು, ಇಬ್ಬರು ಬಂದು ಕರೆದುಕೊಂಡು ಹೋಗುತ್ತೇವೆ.